ಸ್ವಾಲ್ಬಾರ್ಡ್‌ನಲ್ಲಿ ರಬ್ಬರ್ ದೋಣಿಯಿಂದ ಕಡಲಹಕ್ಕಿಗಳ ಛಾಯಾಗ್ರಹಣ: ಲೆನ್ಸ್ ಮತ್ತು ಎಕ್ಸ್‌ಪೋಷರ್ ಬಗ್ಗೆ ಸಲಹೆ ಬೇಕು

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬರುವ ಜುಲೈ ಕೊನೆಯ ವಾರದಲ್ಲಿ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹಕ್ಕೆ ಹೋಗುವವಳಿದ್ದೇನೆ. ಮಂಜುಗಡ್ಡೆ ದಾರಿ ಬಿಟ್ಟುಕೊಟ್ಟರೆ ನಮ್ಮ ಹಡಗು ಹಿನ್ಲೋಪೆನ್ ಜಲಸಂಧಿಯಲ್ಲಿರುವ ಆಲ್ಕೆಫ್ಯೆಲ್ಲೆಟ್ ಬಂಡೆಗಳವರೆಗೂ ಹೋಗುತ್ತದೆ. ಅಲ್ಲಿಂದ ಮುಂದೆ ಹಕ್ಕಿಗಳ ಬಳಿಗೆ ಗಾಳಿ ತುಂಬಿದ ರಬ್ಬರ್ ದೋಣಿಗಳಲ್ಲಿ ಕರೆದೊಯ್ಯುತ್ತಾರೆ. ರಂಗನತಿಟ್ಟಿನಲ್ಲಿ ದೋಣಿಯಲ್ಲಿ ಕುಳಿತು ಹಕ್ಕಿಗಳ ಚಿತ್ರ ತೆಗೆದು ಅಭ್ಯಾಸವಿದೆ. ಆದರೆ ಅಲ್ಲಿನದು ಹುಟ್ಟು ಹಾಕಿ ನಡೆಸುವ ದೋಣಿ, ನೀರೂ ಬಹುಮಟ್ಟಿಗೆ ಶಾಂತ. ಇಲ್ಲಿ ಅಲೆ, ಎಂಜಿನ್, ಚಳಿ ಮೂರೂ ಸೇರಿರುತ್ತವೆ.

ನನ್ನ ಬಳಿ 150–600 ಮಿ.ಮೀ. ಜೂಮ್ ಇದೆ. ಅದನ್ನೇ ಒಯ್ಯಲೇ, ಅಥವಾ ಹಗುರವಾದ 100–400 ಅನ್ನು ಬಾಡಿಗೆಗೆ ಪಡೆಯಲೇ? ಬಿಳಿ ಹಕ್ಕಿ ಬಿಳಿ ಮಂಜಿನ ಮುಂದೆ ಬಂದಾಗ, ಮರುಕ್ಷಣವೇ ಕಪ್ಪು ಬಂಡೆಯ ಮುಂದೆ ಹಾರಿದಾಗ ಎಕ್ಸ್‌ಪೋಷರ್ (ಚಿತ್ರಕ್ಕೆ ಬಿಡುವ ಬೆಳಕಿನ ಪ್ರಮಾಣ) ಹೇಗೆ ನಿರ್ಧರಿಸಬೇಕು? ಚಳಿಯಿಂದ ಬೆಚ್ಚಗಿನ ಕೋಣೆಗೆ ಮರಳಿದಾಗ ಕ್ಯಾಮೆರಾ ಬೆವರದಂತೆ ಏನು ಮಾಡಬೇಕು? ಅನುಭವವಿರುವವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ಮೇಡಂ, 100–400 ಒಯ್ಯಿರಿ ಎಂಬುದು ನನ್ನ ಸಲಹೆ. ಆಲ್ಕೆಫ್ಯೆಲ್ಲೆಟ್‌ನಲ್ಲಿ ಸಮುದ್ರದಿಂದ ನೇರವಾಗಿ ಎದ್ದು ನಿಂತ ಡಾಲರೈಟ್ (ಒಂದು ಬಗೆಯ ಕಪ್ಪು ಅಗ್ನಿಶಿಲೆ) ಬಂಡೆಗಳ ಕಿರಿದಾದ ಚಾಚುಗಳ ಮೇಲೆ ಸುಮಾರು 60,000 ಜೋಡಿ ಕಪ್ಪು ಬೆನ್ನಿನ, ಬಿಳಿ ಹೊಟ್ಟೆಯ ಕಡಲಹಕ್ಕಿಗಳಾದ ಬ್ರೂನಿಕ್ಸ್ ಗಿಲ್ಲೆಮಾಟ್‌ಗಳು ಗೂಡನ್ನೇ ಕಟ್ಟದೆ ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ಅವು ತಲೆಯ ಮೇಲೆ, ಮುಂದೆ, ಹಿಂದೆ ಎಷ್ಟು ಸಮೀಪದಲ್ಲಿ ಹಾರುತ್ತವೆಂದರೆ 600 ಮಿ.ಮೀ.ನ ಕಿರಿದಾದ ನೋಟದಲ್ಲಿ ಹಕ್ಕಿಯನ್ನು ಹುಡುಕುವಷ್ಟರಲ್ಲಿ ಅದು ದಾಟಿಹೋಗಿರುತ್ತದೆ.

ಟ್ರೈಪಾಡ್ ಮತ್ತು ಮೋನೋಪಾಡ್ ಎರಡನ್ನೂ ಬಿಟ್ಟುಬಿಡಿ, ಏಕೆಂದರೆ ದೋಣಿಯ ತಳದ ಅದುರುವಿಕೆಯನ್ನು ಅವು ನೇರವಾಗಿ ಕ್ಯಾಮೆರಾಕ್ಕೆ ತಲುಪಿಸುತ್ತವೆ. ಇದೇ ಕಾರಣಕ್ಕೆ ಎಂಜಿನ್ ಓಡುತ್ತಿರುವಾಗ ಲೆನ್ಸನ್ನು ದೋಣಿಯ ಅಂಚಿಗೆ ಒರಗಿಸಲೂಬಾರದು. ಮೊಣಕೈಗಳನ್ನು ಪಕ್ಕೆಲುಬಿಗೆ ಒತ್ತಿಕೊಂಡು, ಸೊಂಟದಿಂದ ಮೇಲಿನ ಭಾಗವನ್ನು ಅಲೆಯೊಂದಿಗೆ ಸಡಿಲವಾಗಿ ಬಾಗಲು ಬಿಟ್ಟರೆ ದೇಹವೇ ಕುಲುಕಾಟವನ್ನು ಬಹಳಷ್ಟು ನುಂಗಿಕೊಳ್ಳುತ್ತದೆ. ಗಿಲ್ಲೆಮಾಟ್ ರೆಕ್ಕೆ ಬಡಿಯುವ ರಭಸಕ್ಕೆ ಶಟರ್ ವೇಗ 1/2500 ಸೆಕೆಂಡಿಗಿಂತ ಕಡಿಮೆಯಾಗದಿರಲಿ. ಮಂಜು ಕವಿದಾಗ ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿದರೆ ಏರಲಿ. ನಿಮ್ಮ ಕ್ಯಾಮೆರಾದ ಸೆನ್ಸರ್ ನಿಧಾನವಾಗಿ ಓದುವಂಥದ್ದಾದರೆ ಎಲೆಕ್ಟ್ರಾನಿಕ್ ಶಟರ್ ಬೇಡ, ರೆಕ್ಕೆಗಳು ಸೊಟ್ಟಗೆ ಮೂಡುತ್ತವೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ದೋಣಿ ಎಲ್ಲಿ ನಿಂತಿದೆ ಎಂಬುದು. ಹಡಗಿನ ಅಟ್ಟದಿಂದ ಕೆಳಮುಖವಾಗಿ ಕಾಣುವ ಹಕ್ಕಿ ಸಣ್ಣ ದೋಣಿಯಲ್ಲಿ ನಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತದೆ, ಅದರ ಹಿಂದೆ ದೂರದ ನೀರು ಮಸುಕಾಗಿ ಹರಡಿಕೊಳ್ಳುತ್ತದೆ. ಈ ಅನುಕೂಲವನ್ನು ಎದ್ದು ನಿಂತು ಕಳೆದುಕೊಳ್ಳಬೇಡಿ. ಬೆಳಕು ಬೆನ್ನಿಗಿರುವ ಕಡೆ ಎಂಜಿನ್ ಆರಿಸಿ ದೋಣಿಯನ್ನು ತೇಲಲು ಬಿಡುವಂತೆ ಚಾಲಕರನ್ನು ಹೊರಡುವ ಮೊದಲೇ ಕೇಳಿಕೊಳ್ಳಿ.

ಎರಡನೆಯ ಉತ್ತರ

ಮೇಲಿನವರು ದೋಣಿಯ ಬಗ್ಗೆ ಹೇಳಿದ್ದನ್ನು ಪೂರ್ತಿಯಾಗಿ ಒಪ್ಪುತ್ತೇನೆ, ಲೆನ್ಸಿನ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಪ್ರವಾಸವೆಂದರೆ ಆಲ್ಕೆಫ್ಯೆಲ್ಲೆಟ್ ಒಂದೇ ಅಲ್ಲ. ಮಂಜುಗಡ್ಡೆಯ ಅಂಚಿನಲ್ಲಿ ಐವರಿ ಗಲ್ ಎಂಬ ಅಚ್ಚಬಿಳಿ ಕಡಲಹಕ್ಕಿ ಕುಳಿತಿದ್ದರೆ ಅದರ ಬಳಿಗೆ ದೋಣಿ ನುಗ್ಗಿಸುವಂತಿಲ್ಲ. ಆಗ ಉದ್ದನೆಯ ಲೆನ್ಸೇ ಬೇಕು. ಕೈಗೆ ಪಳಗಿದ 150–600 ಇರುವಾಗ ಹೊಸ ಲೆನ್ಸನ್ನು ಚಳಿಯಲ್ಲಿ, ಕೈಗವಸು ತೊಟ್ಟು ಕಲಿಯುವುದು ಸುಲಭವಲ್ಲ. ಅದನ್ನೇ ಒಯ್ದು, ಬಂಡೆಗಳ ಬಳಿ 150–250ರ ಆಸುಪಾಸಿನಲ್ಲಿ ಬಳಸಿ.

ಎಕ್ಸ್‌ಪೋಷರನ್ನು ಕ್ಯಾಮೆರಾಕ್ಕೆ ಒಪ್ಪಿಸದೆ ಮ್ಯಾನ್ಯುಯಲ್‌ನಲ್ಲಿಡಿ. ಹಕ್ಕಿಯ ಮೇಲೆ ಬೀಳುವ ಬೆಳಕು ಬದಲಾಗದಿದ್ದರೂ ಹಿನ್ನೆಲೆ ಬದಲಾದೊಡನೆ ಮೀಟರ್ ತನ್ನ ತೀರ್ಮಾನವನ್ನು ಬದಲಿಸುತ್ತದೆ: ಕಪ್ಪು ಬಂಡೆ ಕಂಡರೆ ಚಿತ್ರವನ್ನು ಬೆಳಗಿಸಿ ಬಿಳಿ ಗರಿಗಳ ವಿವರವನ್ನು ಅಳಿಸುತ್ತದೆ, ಮಂಜು ಕಂಡರೆ ಎಲ್ಲವನ್ನೂ ಬೂದು ಮಾಡುತ್ತದೆ. ಮೊದಲು ಬಿಸಿಲಿಗೆ ಮುಖ ಮಾಡಿದ ಬಿಳಿ ಹಕ್ಕಿಯೊಂದರ ಚಿತ್ರ ತೆಗೆದು, ಹಿಸ್ಟೋಗ್ರಾಂನ (ಕಪ್ಪಿನಿಂದ ಬಿಳಿಯವರೆಗಿನ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಬಲತುದಿಗೆ ತುಸು ಜಾಗ ಉಳಿಯುವಂತೆ ಹೊಂದಿಸಿಕೊಂಡು, ಬೆಳಕು ಬದಲಾಗುವವರೆಗೆ ಅದನ್ನು ಮುಟ್ಟಬೇಡಿ. ಗಿಲ್ಲೆಮಾಟ್‌ನ ಕಪ್ಪು ಬೆನ್ನಿನ ವಿವರವನ್ನು ರಾ (ಸಂಸ್ಕರಿಸದ) ಕಡತದಿಂದ ಆಮೇಲೆ ಎತ್ತಿಕೊಳ್ಳಬಹುದು. ಸುಟ್ಟುಹೋದ ಬಿಳಿಯನ್ನು ಮರಳಿ ಪಡೆಯಲಾಗದು.

ಹಿಮನದಿಗಳು ಸಮುದ್ರ ಸೇರುವಲ್ಲಿಯೂ ಕಣ್ಣಿಡಿ. ಹಿಮದಡಿ ಹರಿದು ಬರುವ ಸಿಹಿನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಮೇಲಕ್ಕೆ ಉಕ್ಕುತ್ತದೆ, ಜೊತೆಗೆ ಆಳದ ಪುಟ್ಟ ಜಲಜೀವಿಗಳನ್ನೂ ಎತ್ತಿ ತರುತ್ತದೆ. ಕೆಸರಿನಿಂದ ಕಂದಿದ ಆ ನೀರಿನ ಮೇಲೆ ಸಣ್ಣ ಕಡಲಹಕ್ಕಿಗಳಾದ ಕಿಟ್ಟಿವೇಕ್‌ಗಳು ದೊಡ್ಡ ಹಿಂಡಾಗಿ ಸೇರಿ ಮೇಯುತ್ತವೆ, ನೀಲಿ ಹಿಮದ ಗೋಡೆಯೇ ಅವುಗಳಿಗೆ ಹಿನ್ನೆಲೆ. ಹಿಮ ಕಳಚಿ ಬಿದ್ದಾಗ ಏಳುವ ಅಲೆಯ ಭಯದಿಂದ ದೋಣಿ ದೂರದಲ್ಲೇ ನಿಲ್ಲುತ್ತದೆ. ಬಿಸಿಲಿದ್ದ ದಿನ ನಡುವಿನ ಗಾಳಿ ಕುದಿಯುವಂತೆ ನಡುಗಿ ಚಿತ್ರ ಮಸುಕಾದರೆ ಅದು ಲೆನ್ಸಿನ ದೋಷವಲ್ಲ.

ಕ್ಯಾಮೆರಾ ಬೆವರುವುದಕ್ಕೆ ಪರಿಹಾರ ಸರಳ: ಒಳಗೆ ಬರುವ ಮೊದಲೇ ಮೆಮೊರಿ ಕಾರ್ಡ್ ತೆಗೆದುಕೊಂಡು, ಚೀಲದ ಜಿಪ್ ಮುಚ್ಚಿ, ಒಳಗಿನ ಬಿಸಿಗೆ ಅದು ಹೊಂದಿಕೊಳ್ಳುವವರೆಗೆ ತೆರೆಯದಿರಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. 150–600 ಅನ್ನೇ ಒಯ್ಯಲು ನಿರ್ಧರಿಸಿದೆ. ಇನ್ನೊಂದು ಸಂದೇಹ: ನಾನು ಹೋಗುವ ವೇಳೆಗೆ ಗಿಲ್ಲೆಮಾಟ್ ಮರಿಗಳು ಬಂಡೆಯಿಂದ ಧುಮುಕುವುದನ್ನು ಕಾಣಬಹುದೇ? ದೋಣಿಗಳಿಂದ ಅವುಗಳಿಗೆ ತೊಂದರೆಯಾಗುವುದಿಲ್ಲವೇ?

ಮೂರನೆಯ ಉತ್ತರ

ಕಾಣುವ ಸಾಧ್ಯತೆ ಚೆನ್ನಾಗಿಯೇ ಇದೆ. ಸುಮಾರು ಮೂರು ವಾರ ತುಂಬಿದ, ಇನ್ನೂ ಹಾರಲು ಬಾರದ ಮರಿಗಳು ಜುಲೈ ಕೊನೆಯಿಂದ ಆಗಸ್ಟ್‌ವರೆಗೆ ಚಾಚುಗಳಿಂದ ಕೆಳಗೆ ಜಿಗಿಯುತ್ತವೆ. ತಂದೆಹಕ್ಕಿ ಜೊತೆಗೂಡಿ ಮರಿಯನ್ನು ತೆರೆದ ಸಮುದ್ರಕ್ಕೆ ಈಜಿಸಿಕೊಂಡು ಹೋಗುತ್ತದೆ. ನೀರಿಗೆ ಬದಲು ದಡಕ್ಕೆ ಬಿದ್ದ ಮರಿಗಳಿಗಾಗಿ ಆರ್ಕ್‌ಟಿಕ್ ನರಿ ಕಾದಿರುತ್ತದೆ.

ತೊಂದರೆಯ ಬಗ್ಗೆ ನೀವಾಗಿಯೇ ಕೇಳಿದ್ದು ಸಂತೋಷ. ಗಿಲ್ಲೆಮಾಟ್‌ನ ಗಿಡ್ಡ ರೆಕ್ಕೆಗಳು ನೀರಿನೊಳಗೆ ಈಜುವುದಕ್ಕೆ ಹೇಳಿ ಮಾಡಿಸಿದಂಥವು. ಹಾಗಾಗಿ ಗಾಳಿಯಲ್ಲಿ ಹಾರಲು ಅದು ವ್ಯಯಿಸುವ ಶಕ್ತಿ ಹಾರುವ ಹಕ್ಕಿಗಳಲ್ಲೇ ಅತಿ ಹೆಚ್ಚಿನದೆಂದು ಅಳೆಯಲಾಗಿದೆ. ಬಂಡೆಯಿಂದ ಹಿಂಡನ್ನು ಬೆದರಿಸಿ ಎಬ್ಬಿಸಿದರೆ ಆ ಶಕ್ತಿ ವ್ಯರ್ಥವಾಗುವುದಷ್ಟೇ ಅಲ್ಲ, ಗೂಡಿಲ್ಲದ ಚಾಚಿನಿಂದ ಮೊಟ್ಟೆ ಮರಿಗಳು ಉರುಳಿ ಬೀಳುತ್ತವೆ, ದೊಡ್ಡ ಕಡಲಹಕ್ಕಿಗಳಾದ ಗ್ಲಾಕಸ್ ಗಲ್‌ಗಳು ಒಡನೆಯೇ ಎರಗುತ್ತವೆ. 2025ರಿಂದ ಜಾರಿಯಲ್ಲಿರುವ ನಿಯಮದಂತೆ ಏಪ್ರಿಲ್ 1ರಿಂದ ಆಗಸ್ಟ್ 31ರವರೆಗೆ ಹಕ್ಕಿಬಂಡೆಗಳ 500 ಮೀಟರ್ ಒಳಗೆ ದೋಣಿಯ ವೇಗ 5 ನಾಟ್ ಮೀರುವಂತಿಲ್ಲ, ಅಂದರೆ ಗಂಟೆಗೆ ಸುಮಾರು 9 ಕಿಲೋಮೀಟರ್. ನೀರಿನ ಮೇಲೆ ತಂದೆ ಮತ್ತು ಮರಿ ಜೊತೆಯಾಗಿ ಕಂಡರೆ ಅವುಗಳ ನಡುವೆ ದೋಣಿ ಹಾಯದಂತೆ ಚಾಲಕರಿಗೆ ಕೂಗಿ ತಿಳಿಸಿ. ಜಿಗಿತದ ಚಿತ್ರಕ್ಕೆ ಮರಿಯನ್ನು ಬೆನ್ನಟ್ಟುವ ಬದಲು ಚಾಚಿನ ಅಂಚಿಗೆ ಬಂದು ಹಿಂದೆ ಮುಂದೆ ನೋಡುತ್ತ ಕೂಗುವ ಮರಿಯೊಂದನ್ನು ಆರಿಸಿಕೊಂಡು, ಅದರ ಕೆಳಗಿನ ಜಾಗ ಚೌಕಟ್ಟಿನಲ್ಲಿ ಹೆಚ್ಚಿರುವಂತೆ ಜೂಮನ್ನು ಹಿಂದಕ್ಕೆ ಎಳೆದುಕೊಂಡು ಕಾಯಿರಿ.