ಸಮಸ್ಯಾಪೂರಣ: ‘ಮರಣದೆದುರಿಗೆ ಕುಳಿತು ಕಣ್ಣೀರಿಡುವವನೆ ಧನ್ಯ’

ಸಂಚಾಲಕ:
ಈ ವಾರದ ಸಮಸ್ಯೆ ನಮ್ಮ ಬಳಗದ ಅಕ್ಕನೊಬ್ಬರದು. ಆರು ಸಾಲಿನ ಭಾಮಿನಿ ಷಟ್ಪದಿಯ ಕೊನೆಯ ಸಾಲು ಇದು, ಮೇಲಿನ ಐದನ್ನು ನೀವು ಕಟ್ಟಬೇಕು:

ಮರಣದೆದುರಿಗೆ ಕುಳಿತು ಕಣ್ಣೀರಿಡುವವನೆ ಧನ್ಯ

ಲೆಕ್ಕ ಎಲ್ಲರಿಗೂ ಗೊತ್ತಿದೆ. ಆದರೂ ಹೊಸಬರಿಗಾಗಿ ಹೇಳುತ್ತೇನೆ. 1, 2, 4, 5ನೇ ಸಾಲುಗಳಲ್ಲಿ 3+4+3+4 ಮಾತ್ರೆ. 3 ಮತ್ತು 6ನೇ ಸಾಲಿನಲ್ಲಿ 3+4 ಮೂರು ಸಲ, ಕೊನೆಗೊಂದು ಗುರು. ಪ್ರಾಸ ‘ರ’, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರ. ಮೊದಲ ಅಕ್ಷರ ಲಘುವೇ ಆಗಬೇಕು. ಅಳುವವನು ಧನ್ಯ ಹೇಗಾದಾನು ಎನ್ನುವುದೇ ಇಲ್ಲಿನ ಗಂಟು. ಅದನ್ನು ಬೈಬಲ್ಲಿನ ಹಿನ್ನೆಲೆಯಲ್ಲೇ ಬಿಡಿಸಿ ಎನ್ನುವುದು ಅಕ್ಕನ ಕೋರಿಕೆ.

ಸಮಸ್ಯೆ ಕೊಟ್ಟಾಕೆ:
ಕಾರಣ ಹೇಳಿಬಿಡುತ್ತೇನೆ. ನಮ್ಮಣ್ಣ ತೀರಿಕೊಂಡ. ಸಮಾಧಾನ ಹೇಳಲು ಬಂದವರೊಬ್ಬರು, ‘ನಂಬಿಕೆ ಇದ್ದವರು ಹೀಗೆ ಅಳಬಾರದು ಕಣಮ್ಮ, ಅವನು ಕರ್ತನ ಹತ್ತಿರ ಇದ್ದಾನೆ’ ಅಂದರು. ಅವರು ಹೇಳಿದ್ದರ ಎರಡನೆಯ ಅರ್ಧವನ್ನು ನಾನೂ ನಂಬುತ್ತೇನೆ. ಮೊದಲ ಅರ್ಧ ಗಂಟಲಲ್ಲೇ ಸಿಕ್ಕಿಕೊಂಡಿದೆ. ದುಃಖಪಡುವವರು ಧನ್ಯರು ಅಂತ ಯೇಸು ಬೆಟ್ಟದ ಮೇಲೆ ಹೇಳಿದ್ದು ಮತ್ತಾಯನ 5ನೇ ಅಧ್ಯಾಯದಲ್ಲೇ ಇದೆಯಲ್ಲ. ಅದನ್ನೇ ಸಾಲು ಮಾಡಿದೆ.

ಕಂದಪ್ರಿಯ:
ಕ್ರೈಸ್ತ ವಸ್ತುವಿಗೆ ಭಾಮಿನಿ ಒಗ್ಗುತ್ತದಾ? ಸುಮ್ನೆ ಕೇಳಿದೆ.

ಹಳೆಮೇಷ್ಟ್ರು:
ಯಾಕೆ ಒಗ್ಗಬಾರದು? ನಾಗವರ್ಮನ ಛಂದೋಗ್ರಂಥವನ್ನು 1875ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದವರು ಮಿಷನರಿ ಕಿಟ್ಟೆಲರೇ. ಬರೆಯಿರಿ, ಆಮೇಲೆ ಜಗಳ ಆಡೋಣ.

ಹೊಸಬ:
ನನ್ನದೊಂದು ಪ್ರಯತ್ನ ಇದೆ. ಆದರೆ ಕೊನೆಯ ಸಾಲಲ್ಲಿ ಎರಡೇ ಎರಡು ಅಕ್ಷರ ಬದಲಿಸಿಕೊಳ್ಳಲಾ? ‘ಕಣ್ಣೀರಿಡದವನೆ ಧನ್ಯ’ ಅಂತ. ಮಾತ್ರೆ ಕೆಡುವುದಿಲ್ಲ, ಅರ್ಥವೂ ಸಲೀಸಾಗುತ್ತದೆ. ಪರಲೋಕದ ನಿರೀಕ್ಷೆ ಇರುವವನು ಅಳುವುದಿಲ್ಲ ಅಂತ ಮುಗಿಸಬಹುದು.

ಸಂಚಾಲಕ:
ಇಲ್ಲ ಸ್ವಾಮಿ. ಕೊಟ್ಟ ಸಾಲನ್ನು ಮುಟ್ಟುವ ಹಾಗಿಲ್ಲ. ಇದು ಆಟದ ಮೊದಲ ನಿಯಮ. ಮೇಲಿನ ಐದು ಸಾಲು ಮಾತ್ರ ನಿಮ್ಮದು.

ಸಮಸ್ಯೆ ಕೊಟ್ಟಾಕೆ:
ಮನೆಗೆ ಬಂದವರೂ ಅದೇ ಎರಡಕ್ಷರ ತಿದ್ದಲು ನೋಡಿದ್ದು! ನನಗೆ ಸಿಕ್ಕಿರುವ ಸಾಲೂ ಬದಲಾಗುವುದಿಲ್ಲ.

ಬೇಲಿಹೂ:
ಹಾಗಾದರೆ ನನ್ನದು ತಗೊಳ್ಳಿ. ಯೇಸುವಿನ ಅಪೊಸ್ತಲ ಪೌಲನು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರಿಕೆಯ 4ನೇ ಅಧ್ಯಾಯ ಮನಸ್ಸಿನಲ್ಲಿತ್ತು.

ತೊರೆದು ಹೋದಳು ತಾಯಿಯೆನ್ನುತ
ಕೊರಗಬೇಡೆನಲಾರೆ ಗೆಳೆಯನೆ
ಬರುವ ನಾಳೆಯ ಭರವಸೆಯ ಕೈಬಿಡದೆ ನೀನಳು ಬಾ
ಇರುಳಿಗಂಜದ ದೀಪ ಹಿಡಿದೇ
ಕರೆವ ಹೆಸರನು ಕರೆದುಕೊಳ್ಳುತ
ಮರಣದೆದುರಿಗೆ ಕುಳಿತು ಕಣ್ಣೀರಿಡುವವನೆ ಧನ್ಯ

ಹಳೆಮೇಷ್ಟ್ರು:
‘ಕೈಬಿಡದೆ ನೀನಳು ಬಾ’ ಚೆನ್ನಾಗಿ ಕೂತಿದೆ. ಪೌಲನ ಮಾತೂ ಹೀಗೇ ಇದೆ. ಆ ಪತ್ರ ಸುಮಾರು ಕ್ರಿ.ಶ. 50ರ ಹೊತ್ತಿನದು. ಕ್ರಿಸ್ತ ಮತ್ತೆ ಬರುವ ಮೊದಲೇ ನಮ್ಮವರು ತೀರಿಕೊಂಡರಲ್ಲ, ಅವರ ಗತಿ ಏನು ಎಂಬ ಚಿಂತೆ ಆ ಊರಿನ ಕ್ರೈಸ್ತ ಸಭೆಯವರಿಗೆ. ಪೌಲ ‘ದುಃಖಿಸಬೇಡಿ’ ಎಂದು ಅಲ್ಲಿಗೇ ನಿಲ್ಲಿಸಿದ್ದರೆ ನಮ್ಮ ಹೊಸಬರ ಪೂರಣ ಸರಿಯಾಗುತ್ತಿತ್ತು. ಅವನು ಹೇಳಿದ್ದು, ನಿರೀಕ್ಷೆಯೇ ಇಲ್ಲದವರ ಹಾಗೆ ದುಃಖಿಸಬೇಡಿ ಅಂತ. ಸತ್ತವರು ಮೊದಲು ಏಳುತ್ತಾರೆ, ಆಮೇಲೆ ಎಲ್ಲರೂ ಒಟ್ಟಿಗೆ ಇರುತ್ತೇವೆ, ಈ ಮಾತುಗಳಿಂದ ಒಬ್ಬರನ್ನೊಬ್ಬರು ಸಂತೈಸಿ ಎಂದು ಮುಗಿಸುತ್ತಾನೆ. ಸಂತೈಸಿ ಅಂದರೆ ಅಳುವವರು ಇದ್ದಾರೆ ಅಂತಲೇ ಅಲ್ವಾ?

ಒಂದು ತಕರಾರು. ‘ದೀಪ’ ಇಂಥ ಪದ್ಯಗಳಲ್ಲಿ ಜಾಸ್ತಿಯಾಯಿತು. ಯಾರೂ ಕೇಳದೆಯೇ ಬಂದು ಕೂತುಬಿಡುತ್ತದೆ.

ಕಂದಪ್ರಿಯ:
ನಾನು ಯೇಸು ಸಾವಿನಿಂದ ಎಬ್ಬಿಸಿದ ಲಾಜರನ ಸಮಾಧಿಯ ಗವಿಗೆ ಹೋಗುತ್ತೇನೆ. ಯೋಹಾನನ ಸುವಾರ್ತೆ, 11ನೇ ಅಧ್ಯಾಯ.

ಇರುಳು ನಾಲ್ಕನು ಗವಿಯೊಳಿದ್ದನ
ಕರೆದು ನಿಲಿಸುವ ಶಕ್ತಿಯುಳ್ಳವ
ಕರಗಿ ಹೋದನು ತಂಗಿಯಕ್ಕಂದಿರನು ಕಂಡಂದು
ಬರಿಯ ಮಾತನು ಬಿಟ್ಟು ಬಿಕ್ಕಿದ
ಅರಿತೆನಿಂದೇ ನಾನು ಗೆಳೆಯರೆ
ಮರಣದೆದುರಿಗೆ ಕುಳಿತು ಕಣ್ಣೀರಿಡುವವನೆ ಧನ್ಯ

ಸಮಸ್ಯೆ ಕೊಟ್ಟಾಕೆ:
ಎರಡನೇ ಸಾಲಿಗೆ ನಿಂತುಬಿಟ್ಟೆ. ಇನ್ನು ಸ್ವಲ್ಪ ಹೊತ್ತಿಗೆ ಲಾಜರ ಎದ್ದು ಬರುತ್ತಾನೆ ಅಂತ ಯೇಸುವಿಗೆ ಗೊತ್ತಿತ್ತು. ಗೊತ್ತಿದ್ದೂ ಅತ್ತ. ಲಾಜರನ ಅಕ್ಕ ಮಾರ್ಥಳಿಗೂ ಕಡೇ ದಿನ ತಮ್ಮ ಏಳುತ್ತಾನೆ ಎಂಬ ನಂಬಿಕೆ ಇತ್ತು, ಬಾಯಿಬಿಟ್ಟು ಹೇಳಿದಳು ಕೂಡ. ಆದರೂ ‘ನೀನು ಇಲ್ಲೇ ಇದ್ದಿದ್ದರೆ ಅವನು ಸಾಯುತ್ತಿರಲಿಲ್ಲ’ ಅಂತ ದೂರಿದಳು. ಅವಳ ತಂಗಿ ಮರಿಯಳೂ ಆಮೇಲೆ ಅದನ್ನೇ ಅಂದಳು. ಯೇಸು ಇಬ್ಬರನ್ನೂ ಗದರಿಸಲಿಲ್ಲ. ‘ನಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ’ ಎಂಬ ಮಾತು ಮಾರ್ಥಳಿಗೆ ಸಿಕ್ಕಿದ್ದು ಆ ದೂರಿನ ಬೆನ್ನಿಗೇ. ನಾನೂ ಆಸ್ಪತ್ರೆಯ ವರಾಂಡದಲ್ಲಿ ಅವಳ ಮಾತನ್ನೇ ಆಡಿದ್ದೆ.

ಹಳೆಮೇಷ್ಟ್ರು:
ಕಂದಪ್ರಿಯರೇ, ಭಾವ ಗಟ್ಟಿಯಾಗಿದೆ. ಆದರೆ ಸಮಸ್ಯೆಯಲ್ಲಿ ‘ಕುಳಿತು’ ಇದೆ. ಆ ಅಧ್ಯಾಯದಲ್ಲಿ ಕುಳಿತವಳು ಮರಿಯ. ಮಾರ್ಥ ಎದುರುಗೊಳ್ಳಲು ಹೋದಾಗ ಅವಳು ಮನೆಯಲ್ಲೇ ಕೂತಿದ್ದಳು. ಯೇಸು ನಡೆದು ಬಂದವನು.

ಕಂದಪ್ರಿಯ:
ಮೇಷ್ಟ್ರೇ, ದುಃಖದಲ್ಲಿ ನಿಂತವನೂ ಕುಸಿದು ಕೂತವನೇ. ನಾನು ಬದಲಿಸುವುದಿಲ್ಲ.

ಹಳೆಮೇಷ್ಟ್ರು:
ಬದಲಿಸಬೇಡಿ. ನನ್ನ ಕೈ ತುರಿಸುತ್ತಿದೆ, ಅಷ್ಟೇ. ನಿಜವಾಗಿ ಶವದ ಮುಂದೆ ಕೂತ ಗಂಡಸೊಬ್ಬ ಇದ್ದಾನೆ, ಆದಿಕಾಂಡ 23ರಲ್ಲಿ, ಹೆಂಡತಿ ಸಾರಳನ್ನು ಕಳೆದುಕೊಂಡ ಅಬ್ರಹಾಮ.

ಇರುವ ನೆಲವೂ ತನ್ನದಲ್ಲದ
ಹಿರಿಯ ಮುದುಕನು ಸಾರಳನ್ನೇ
ಕರೆದು ಕರೆದಳುತಿದ್ದ, ಯಾವೊಂದುತ್ತರವು ಬರದೆ
ಬರಿಯ ಗವಿಯನು ಬೆಲೆಗೆ ಕೊಂಡನು
ಇರಿಸಿ ಬಂದನು ಭರವಸೆಯನೂ
ಮರಣದೆದುರಿಗೆ ಕುಳಿತು ಕಣ್ಣೀರಿಡುವವನೆ ಧನ್ಯ

ಹೊಸಬ:
ಗವಿ ಕೊಂಡಿದ್ದಕ್ಕೂ ಭರವಸೆಗೂ ಏನು ಸಂಬಂಧ ಮೇಷ್ಟ್ರೇ?

ಹಳೆಮೇಷ್ಟ್ರು:
ಸಾರ 127 ವರ್ಷ ಬದುಕಿ ಹೆಬ್ರೋನಿನಲ್ಲಿ ತೀರಿಕೊಂಡಳು. ಅಬ್ರಹಾಮ ಗೋಳಾಡಿದ, ಅತ್ತ. ಆಮೇಲೆ ತನ್ನ ಮೃತಳ ಮುಂದಿನಿಂದ ಎದ್ದ ಅಂತ ಬರೆದಿದೆ. ಎದ್ದ ಅಂದರೆ ಅಲ್ಲಿಯವರೆಗೆ ಕೂತಿದ್ದ, ಸಮಸ್ಯೆಗೆ ಇದಕ್ಕಿಂತ ಬೇಕಾ! ಆ ನಾಡನ್ನೆಲ್ಲ ಅವನ ಸಂತತಿಗೆ ಕೊಡುತ್ತೇನೆಂದು ದೇವರು ಮಾತು ಕೊಟ್ಟಿದ್ದ. ಕೈಯಲ್ಲಿ ಮಾತ್ರ ಒಂದು ಹಿಡಿ ಮಣ್ಣೂ ಇರಲಿಲ್ಲ. ಹಿತ್ತಿಯನಾದ ಎಫ್ರೋನ ಸುಮ್ಮನೆ ಕೊಡುತ್ತೇನೆ ಎಂದರೂ ಒಪ್ಪದೆ 400 ಶೆಕೆಲ್ ಬೆಳ್ಳಿ ತೂಗಿಕೊಟ್ಟು ಮಕ್ಪೇಲದ ಗವಿಯನ್ನೂ ಹೊಲವನ್ನೂ ಕೊಂಡ. ಮಾತು ಕೊಟ್ಟ ನಾಡಿನಲ್ಲಿ ಅವನ ಮೊದಲ ಆಸ್ತಿ ಹೆಂಡತಿಯ ಸಮಾಧಿ. ಮುಂದೆ ಅವನನ್ನೂ ಅಲ್ಲೇ ಇಟ್ಟರು. ಮಾತು ಸುಳ್ಳಾಗುತ್ತದೆ ಎಂದುಕೊಂಡವನು ಇಷ್ಟು ದುಡ್ಡು ಸುರಿಯುತ್ತಾನಾ?

ಬೇಲಿಹೂ:
ಇದು ಗೊತ್ತೇ ಇರಲಿಲ್ಲ. ನನ್ನ ದೀಪವನ್ನು ನಾನೇ ಆರಿಸಿ ಇನ್ನೊಂದು ತಂದಿದ್ದೇನೆ.

ಒರಸಲೆಂದೇ ಬರುವ ಕೈಯಿದೆ
ಇರಿದ ಮೊಳೆಗಳ ಗುರುತಿನೊಂದಿಗೆ
ಸುರಿಯದಿದ್ದರೆ ಕಣ್ಣು, ಕೈಗೇನಿರುವುದೈ ಕೆಲಸ
ಅರಿತವರ ಬಿಗಿಮೊಗವ ನೋಡದೆ
ಮರೆವ ಕಲಿಯದೆ, ಮರೆಗೆ ಹೋಗದೆ
ಮರಣದೆದುರಿಗೆ ಕುಳಿತು ಕಣ್ಣೀರಿಡುವವನೆ ಧನ್ಯ

ಕಂದಪ್ರಿಯ:
ಮೂರನೇ ಸಾಲು! ಗಂಟು ಬಿಚ್ಚಿದ್ದು ಇಲ್ಲಿ.

ಹಳೆಮೇಷ್ಟ್ರು:
ಕಣ್ಣೀರು ಒರಸುವ ಮಾತು ಬೈಬಲ್ಲಿನ ಕೊನೆಯ ಪುಸ್ತಕ ಪ್ರಕಟನೆಯ 21ನೇ ಅಧ್ಯಾಯದ್ದು. ಅಲ್ಲಿ ಒರಸುವವನು ದೇವರು, ಇನ್ನು ಮರಣವಿರುವುದಿಲ್ಲ, ಗೋಳಾಟವಿರುವುದಿಲ್ಲ ಅನ್ನುತ್ತದೆ. ಮೊಳೆಯ ಗುರುತು ಯೋಹಾನ 20ರದು, ಎದ್ದುಬಂದ ಯೇಸುವಿನ ಕೈಯ ಗುರುತು ನೋಡದೆ ನಂಬೆನೆಂದ ತೋಮನ ಪ್ರಸಂಗದ್ದು. ಎರಡನ್ನೂ ಒಂದೇ ಕೈಗೆ ತಂದಿದ್ದೀರಿ. ತಕರಾರಿಲ್ಲ, ಎದ್ದ ಮೇಲೂ ಆ ಗಾಯದ ಗುರುತು ಹೋಗಿರಲಿಲ್ಲವಲ್ಲ. ‘ಇರುವುದೈ’ ಹಳೇ ಧಾಟಿ, ಆದರೂ ಇರಲಿ. ಐದನೇ ಸಾಲಿನ ‘ಮರೆವ’, ‘ಮರೆಗೆ’ ಪ್ರಾಸಕ್ಕಾಗಿ ಹುಡುಕಿದ್ದು ಅನ್ನಿಸುವುದಿಲ್ಲ.

ಸಂಚಾಲಕ:
ಅಕ್ಕಾ, ಆಯ್ಕೆ ನಿಮ್ಮದು.

ಸಮಸ್ಯೆ ಕೊಟ್ಟಾಕೆ:
ಬೇಲಿಹೂ ಅವರ ಎರಡನೆಯದು. ಮೇಷ್ಟ್ರ ಅಬ್ರಹಾಮನನ್ನು ಅಮ್ಮನಿಗೆ ಓದಿ ಹೇಳುತ್ತೇನೆ, ಬೈಬಲ್ಲಿನಲ್ಲಿ ಆ ಅಧ್ಯಾಯ ಎಲ್ಲಿದೆ ಅಂತ ಆಗಲೇ ಕೇಳುತ್ತಿದ್ದಾಳೆ. ಹೊಸಬರೇ, ನೀವು ಬೇಸರ ಮಾಡ್ಕೋಬೇಡಿ. ನೀವು ಹೇಳಿದ ನಿರೀಕ್ಷೆ ನನಗೂ ಬೇಕು. ಕಣ್ಣು ಒರಸಿಕೊಂಡು ಬಂದರೆ ಮಾತ್ರ ಸಿಗುತ್ತದೆ ಅನ್ನಬೇಡಿ, ಅಷ್ಟೇ.

ಹೊಸಬ:
ಇಲ್ಲ ಅಕ್ಕಾ. ಅದೇ ಐದು ಸಾಲಿಗೆ ನಿಮ್ಮ ಸಾಲನ್ನೇ ಹೊಂದಿಸಲು ಕೂತಿದ್ದೇನೆ. ನಾಲ್ಕನೆಯದು ಇನ್ನೂ ಬಗ್ಗುತ್ತಿಲ್ಲ.

ಹಳೆಮೇಷ್ಟ್ರು:
ಬಗ್ಗುವವರೆಗೂ ಬಿಡಬೇಡಿ. ಉಳಿದವರಿಗೆ ಮುಂದಿನ ಸಮಸ್ಯೆ ನನ್ನಿಂದ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 15ನೇ ಅಧ್ಯಾಯ ಓದಿಕೊಂಡು ಬನ್ನಿ, ಬಿತ್ತಿದ ಕಾಳಿನ ಮಾತು ಬರುವ ಕಡೆ. ಭಾಮಿನಿಯದೇ ಕೊನೆಯ ಸಾಲು, ಪ್ರಾಸ ‘ಣ್ಣ’:

ಮಣ್ಣಿಗಿಟ್ಟುದು ಮಣ್ಣ ಪಾಲಾಗದೆಯೆ ನಿಂತಿಹುದು

ಕಂದಪ್ರಿಯ:
ಒಂದು ಸಲವಾದರೂ ಕಂದಪದ್ಯದಲ್ಲಿ ಕೊಡಿ ಮೇಷ್ಟ್ರೇ!