ಸಹಾಯ ಬೇಕು: ಡೈಯಿಂಗ್ ನೀರಿನ ಬಣ್ಣ ಹೋಗುತ್ತಿಲ್ಲ
ನಮಸ್ಕಾರ. ಮಂಡ್ಯ ಹತ್ತಿರ ನಮ್ಮದೊಂದು ಚಿಕ್ಕ ಡೈಯಿಂಗ್ ಘಟಕ ಇದೆ. ಹತ್ತಿ ನೂಲಿಗೆ ರಿಯಾಕ್ಟಿವ್ ಬಣ್ಣ (ನೂಲಿನ ಜೊತೆ ರಾಸಾಯನಿಕವಾಗಿ ಬೆಸೆಯುವಂಥದ್ದು) ಹಾಕುತ್ತೇವೆ. ಉಳಿದ ನೀರಿನ ಪಿಎಚ್ 11ರ ಆಸುಪಾಸು. ಆಸಿಡ್ ಹಾಕಿ 7ಕ್ಕೆ ಇಳಿಸಿ ಆಲಂ (ಪಟಿಕ) ಕಲಸಿದರೆ ಗಸಿ ಕೂರುತ್ತದೆ. ಆದರೆ ಮೇಲಿನ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡಿದರೆ ಇನ್ನೂ ಕೆಂಪು ಕೆಂಪು. ಈ ಬಣ್ಣ ನೀರಲ್ಲಿ ಪೂರ್ತಿ ಕರಗಿರುತ್ತದಲ್ವಾ, ಅದಕ್ಕೇ ಆಲಂಗೆ ಜಗ್ಗುತ್ತಿಲ್ಲ.

ಬಣ್ಣ ತೆಗೆಯಲು ಫೆರಸ್ ಸಲ್ಫೇಟ್ (ಕಬ್ಬಿಣದ ಲವಣ) ಜೊತೆ ಸುಣ್ಣ ಬಳಸಿದವರು ಇದ್ದೀರಾ? ಲೀಟರಿಗೆ ಎಷ್ಟು ಹಾಕಿದಿರಿ? ಗಸಿ ಜಾಸ್ತಿ ಬಂತಾ?

ನೂಲಿಗೆ ಬಣ್ಣ ಹಿಡಿಯಲೆಂದು ಹಾಕುವ ಉಪ್ಪೂ ಈ ನೀರಲ್ಲೇ ಉಳಿಯುತ್ತದೆ, ಅದು ಬೇರೆ ಚಿಂತೆ. ಅದು ಇದ್ಯಾವುದಕ್ಕೂ ಹೋಗಲ್ಲ. ಸಣ್ಣ ಘಟಕಕ್ಕೆ ಆರ್‌ಒ (ಉಪ್ಪು ಬೇರ್ಪಡಿಸಿ ನೀರು ಸೋಸುವ ಯಂತ್ರ) ಹಾಕಿಸಿದವರು ಖರ್ಚು ಎಷ್ಟಾಯಿತು ಹೇಳಿ. ಪಕ್ಕದಲ್ಲೇ ವಿಶ್ವೇಶ್ವರಯ್ಯ ನಾಲೆ, ಸುತ್ತ ಭತ್ತ, ಕಬ್ಬಿನ ಗದ್ದೆ. ಈ ನೀರು ಒಂದು ಹನಿಯೂ ಅಲ್ಲಿಗೆ ಹೋಗಬಾರದು. ಒಂದು ದಿನ ಬಂದು ಜಾರ್ ಟೆಸ್ಟ್ (ಜಾರ್‌ಗಳಲ್ಲಿ ಬೇರೆ ಬೇರೆ ಪ್ರಮಾಣ ಹಾಕಿ ನೋಡುವುದು) ಮಾಡಿ ತೋರಿಸುವವರಿದ್ದರೆ ದಯವಿಟ್ಟು ತಿಳಿಸಿ.