ಸಹಾಯ ಬೇಕು: ಬಾಗಿದ ಕೆನಾಲ್‌ನಲ್ಲಿ ಹ್ಯಾಂಡ್ ಫೈಲಿಂಗ್

ಹಿರಿಯ ದಂತವೈದ್ಯರಿಗೆ ನಮಸ್ಕಾರ. ಬ್ರಹ್ಮಾವರದ ಬಳಿ ಚಿಕ್ಕ ಕ್ಲಿನಿಕ್ ನಡೆಸುತ್ತಿದ್ದೇನೆ. ಫೈಲ್ ತಿರುಗಿಸುವ ಯಂತ್ರ, ಎಂಡೋಮೋಟರ್, ಇನ್ನೂ ಕೊಂಡಿಲ್ಲ. ರೂಟ್ ಕೆನಾಲ್ (ಹಲ್ಲಿನ ಬೇರಿನೊಳಗಿನ ನಾಳದ ಚಿಕಿತ್ಸೆ) ಎಲ್ಲವೂ ಕೈಯಲ್ಲೇ.

ಮೀನು ಮಾರುವ ಒಬ್ಬ ಅಮ್ಮನವರ ಕೆಳಗಿನ ಮೊದಲ ದವಡೆಹಲ್ಲು. ಮೀಸಿಯೋಬಕ್ಕಲ್ (ಮುಂಬದಿಯ, ಕೆನ್ನೆ ಕಡೆಯ) ಕೆನಾಲ್ ತುದಿಯಲ್ಲಿ ಚೆನ್ನಾಗಿ ಬಾಗಿದೆ. 10ರ ಕೆ-ಫೈಲ್ (ನಾಳವನ್ನು ಉಜ್ಜಿ ಅಗಲಿಸುವ ತೆಳುವಾದ ಅರ) ಪೂರ್ತಿ ಉದ್ದಕ್ಕೆ ಸಲೀಸಾಗಿ ಇಳಿಯುತ್ತದೆ, 15 ಮಾತ್ರ ಒಂದು ಮಿಲಿಮೀಟರ್ ಮೊದಲೇ ನಿಂತುಬಿಡುತ್ತದೆ. ತುದಿಯ ದಪ್ಪ 0.10ರಿಂದ 0.15 ಮಿ.ಮೀ.ಗೆ, ಅಂದರೆ ಒಮ್ಮೆಲೇ ಶೇ. 50ರಷ್ಟು ಏರುತ್ತದಲ್ಲವೇ? ಬಲವಂತ ಮಾಡಿದರೆ ಲೆಡ್ಜ್ (ನಾಳದ ಗೋಡೆಯಲ್ಲಿ ಮೆಟ್ಟಿಲಿನಂಥ ತಡೆ) ಆದೀತೆಂದು ತಳ್ಳಲಿಲ್ಲ. ಹೈಪೋಕ್ಲೋರೈಟ್‌ನಿಂದ ತೊಳೆದು, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇಟ್ಟು ತಾತ್ಕಾಲಿಕವಾಗಿ ಮುಚ್ಚಿದ್ದೇನೆ. ಮುಂದಿನ ವಾರ ಅವರು ಮತ್ತೆ ಬರುತ್ತಾರೆ. ಹಲ್ಲು ಕೀಳಬೇಡಿ ಎಂದು ಅಷ್ಟು ಬೇಡಿಕೊಂಡಿದ್ದಾರೆ, ನನಗೂ ಉಳಿಸಲೇಬೇಕೆಂದಿದೆ.

10 ಮತ್ತು 15ರ ನಡುವಿನ 12ರ ಮಧ್ಯಂತರ ಫೈಲ್ ಮಂಗಳೂರಿನ ಯಾವ ಡೆಂಟಲ್ ಡಿಪೋದಲ್ಲಿ ಬಿಡಿಯಾಗಿ ಸಿಗುತ್ತದೆ?

ಇನ್ನೊಂದು, ಇದೇ ಮುಖ್ಯ. ಬಾಗಿದ ಕೆನಾಲ್‌ಗೆಂದು ರೋನ್ ಮತ್ತು ಸಂಗಡಿಗರು 1985ರಲ್ಲಿ ವಿವರಿಸಿದ ಬ್ಯಾಲೆನ್ಸ್ಡ್ ಫೋರ್ಸ್ ವಿಧಾನವನ್ನು ಓದಿ ಬಲ್ಲೆ: ಬಲಕ್ಕೆ ಕಾಲು ಸುತ್ತು, ಬಳಿಕ ಫೈಲನ್ನು ಕೆಳಕ್ಕೆ ಒತ್ತಿಕೊಂಡೇ ಎಡಕ್ಕೆ ಕನಿಷ್ಠ 120 ಡಿಗ್ರಿ. ಆ ಒತ್ತಡ ಎಷ್ಟಿರಬೇಕು ಎಂಬುದನ್ನು ಬೆರಳಿಗೇ ಕಲಿಸಬೇಕು. ಉಡುಪಿ, ಮಣಿಪಾಲದ ಕಡೆಯ ಯಾರಾದರೂ ಈ ಭಾನುವಾರ ಕಿತ್ತ ಹಲ್ಲಿನ ಮೇಲೆ ಮಾಡಿ ತೋರಿಸುವಿರಾ? ಹಲ್ಲು, ಫೈಲ್ ನಾನೇ ತರುತ್ತೇನೆ. ನೀವು ಹೇಳಿದ ಹೊತ್ತಿಗೆ ಬರುತ್ತೇನೆ.